ಹತ್ತಿರದ ಊರಿಗೆ ಸೈಕಲ್ಲು, ಒಂದು ರಾತ್ರಿಗೆ ಡೇರೆ

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೂ ರಜೆ ಬಂದೊಡನೆ ನಮ್ಮ ಮನಸ್ಸು ಓಡುವುದು ದೂರದ ಬೆಟ್ಟದ ಕಡೆಗೇ. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು, ಸಿಕ್ಕ ಕಡೆ ಸಿಕ್ಕಿದ್ದನ್ನು ತಿಂದು, ನಾಲ್ಕು ಕಡೆ ನಿಂತು ಫೋಟೋ ತೆಗೆಸಿಕೊಂಡು ಹಿಂದಿರುಗುವ ಹೊತ್ತಿಗೆ ಮಕ್ಕಳಿಗೆ ಹೊಟ್ಟೆನೋವು, ದೊಡ್ಡವರಿಗೆ ಸೊಂಟನೋವು. ಸೋಮವಾರ ಬೆಳಿಗ್ಗೆ ಇನ್ನೊಂದು ದಿನ ರಜೆ ಸಿಕ್ಕಿದ್ದರೆ ಎನಿಸುತ್ತದೆ.

ಇದಕ್ಕೆ ಬದಲಾಗಿ ಒಂದು ವಾರಾಂತ್ಯ ಹೀಗೆ ಮಾಡಿ ನೋಡಿ. ಮನೆಯ ಮೂಲೆಯಲ್ಲಿ ಧೂಳು ಹಿಡಿದಿರುವ ಸೈಕಲ್ಲುಗಳನ್ನು ಹೊರಗೆ ತೆಗೆಯಿರಿ. ನಿಮ್ಮ ಊರಿನಿಂದ ಇಪ್ಪತ್ತೈದು ಕಿಲೋಮೀಟರಿನೊಳಗೆ ಪರಿಚಯದವರ ತೋಟವೋ ನೆಂಟರ ಜಮೀನೋ ಇದ್ದರೆ ಅಲ್ಲಿಗೆ ಸೈಕಲ್ ತುಳಿದು ಹೋಗಿ, ಒಂದು ರಾತ್ರಿ ಡೇರೆಯಲ್ಲಿ ಮಲಗಿ, ಮರುದಿನ ಹಿಂದಿರುಗಿ. ಖರ್ಚು ಕಡಿಮೆ, ದೇಹಕ್ಕೆ ಒಳ್ಳೆಯ ವ್ಯಾಯಾಮ, ಮಕ್ಕಳಿಗೆ ಮರೆಯಲಾಗದ ಅನುಭವ.

ಇದು ಹೊಸ ಹವ್ಯಾಸವೇನಲ್ಲ. ಸೈಕಲ್ ಶಿಬಿರಕ್ಕೆ ಮೊದಲು ಒಂದು ಸಂಘ ಕಟ್ಟಿದವರು ಲಂಡನ್ನಿನಲ್ಲಿ ದರ್ಜಿಯಾಗಿದ್ದ ಥಾಮಸ್ ಹೈರಮ್ ಹೋಲ್ಡಿಂಗ್. ಅವರು 1897ರಲ್ಲಿ ಐರ್ಲೆಂಡಿನಲ್ಲಿ ಸೈಕಲ್ ಮೇಲೆಯೇ ಡೇರೆ ಹೊತ್ತು ಪ್ರವಾಸ ಮಾಡಿದರು. 1901ರಲ್ಲಿ ಸಂಘ ಸ್ಥಾಪನೆಯಾಯಿತು. ಕಾರು, ಬಸ್ಸುಗಳಲ್ಲಿ ಸಾಮಾನು ತುಂಬಿಕೊಂಡು ಹೋಗುವ ಇಂದಿನ ಶಿಬಿರಗಳಿಗಿಂತ ಮೊದಲೇ, ಒಬ್ಬ ಮನುಷ್ಯ ತುಳಿದು ಸಾಗಿಸಬಲ್ಲಷ್ಟೇ ಸಾಮಾನಿನಲ್ಲಿ ರಾತ್ರಿ ಕಳೆಯುವ ಪದ್ಧತಿ ಇತ್ತು. ಏನನ್ನು ಒಯ್ಯಬೇಕು ಎನ್ನುವುದಕ್ಕಿಂತ ಏನನ್ನು ಬಿಡಬೇಕು ಎನ್ನುವುದರಲ್ಲೇ ಆ ಪದ್ಧತಿಯ ಗುಟ್ಟು ಅಡಗಿದೆ.

ಆರೋಗ್ಯದ ದೃಷ್ಟಿಯಿಂದ ಇದರ ಲಾಭ ಸ್ಪಷ್ಟ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಮಾಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈ ಬಗ್ಗಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಸೈಕಲ್ ಸವಾರಿಯಲ್ಲಿ ದೇಹದ ಭಾರ ಬಹುಪಾಲು ಸೀಟಿನ ಮೇಲೆ ಬೀಳುವುದರಿಂದ ಓಟಕ್ಕೆ ಹೋಲಿಸಿದರೆ ಮಂಡಿಗಳಿಗೆ ತ್ರಾಸ ಕಡಿಮೆ. ಆದರೆ ಹತ್ತು ವರ್ಷ ಸೈಕಲ್ ಮುಟ್ಟದವರು ಒಂದೇ ದಿನ ಬಿಸಿಲಿನಲ್ಲಿ ಭಾರ ಹೊತ್ತು ತುಳಿದರೆ ಇದೇ ವ್ಯಾಯಾಮ ಅಪಾಯವನ್ನೂ ತರಬಲ್ಲದು. ಆದ್ದರಿಂದ ಸಿದ್ಧತೆ ಬೇಕು.

ಯಾರ ವೇಗ ಎಲ್ಲರ ವೇಗ?

ಸಿದ್ಧತೆಯ ಮೊದಲ ಪ್ರಶ್ನೆ ಸಾಮಾನಿನದಲ್ಲ. ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ಸೈಕಲ್ ತುಳಿಯುವವರು ಯಾರು? ಅದು ಹನ್ನೆರಡು ವರ್ಷದ ಮಗಳಿರಬಹುದು, ಸಕ್ಕರೆ ಕಾಯಿಲೆಯಿರುವ ಅಪ್ಪನಿರಬಹುದು. ದೂರ, ಹೊರಡುವ ಹೊತ್ತು, ತಂಗುವ ಸ್ಥಳ, ಹೊರೆ - ಎಲ್ಲವನ್ನೂ ಅವರ ಶಕ್ತಿಗೆ ತಕ್ಕಂತೆ ನಿರ್ಧರಿಸಿ. ಗಟ್ಟಿಮುಟ್ಟಾದವರ ಲೆಕ್ಕದಲ್ಲಿ ಹೊರಟ ಪ್ರವಾಸ ಬಡಕಲು ಸವಾರನ ಸುಸ್ತಿನಲ್ಲಿ ಮುಗಿಯುತ್ತದೆ.

ಹೊರೆಯಿರುವ ಸೈಕಲ್ಲಿನಲ್ಲಿ ಸಂಸಾರಸ್ಥರ ಗುಂಪು ಗಂಟೆಗೆ ಹತ್ತು ಕಿಲೋಮೀಟರು ಸಾಗುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ಮುಕ್ಕಾಲು ಗಂಟೆಗೊಮ್ಮೆ ಹತ್ತು ನಿಮಿಷ ವಿಶ್ರಾಂತಿ, ತಿಂಡಿಗೆ ಅರ್ಧ ಗಂಟೆ, ಪಂಕ್ಚರಿಗೆಂದು ಇನ್ನರ್ಧ ಗಂಟೆ ಸೇರಿಸಿದರೆ ಇಪ್ಪತ್ತೈದು ಕಿಲೋಮೀಟರಿಗೆ ನಾಲ್ಕು, ನಾಲ್ಕೂವರೆ ಗಂಟೆ ಬೇಕು. ಬೆಳಿಗ್ಗೆ ಆರೂವರೆಗೆ ಹೊರಟರೆ ಹನ್ನೊಂದರ ಹೊತ್ತಿಗೆ ನೆರಳು ಸೇರಬಹುದು.

ಮುಂದೆ ಒಬ್ಬ ವಯಸ್ಕರು, ಅವರ ಹಿಂದೆಯೇ ನಿಧಾನದ ಸವಾರ, ಕೊನೆಯಲ್ಲಿ ಎಲ್ಲರಿಗಿಂತ ಶಕ್ತಿವಂತರು - ಈ ಕ್ರಮದಲ್ಲಿ ಒಬ್ಬರ ಹಿಂದೊಬ್ಬರು ಹೋಗಬೇಕು. ತುಳಿಯುತ್ತಿರುವಾಗ ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಮಾತನಾಡಲು ಸಾಧ್ಯವಾದರೆ ವೇಗ ಸರಿಯಾಗಿದೆ ಎಂದರ್ಥ. ಮಾತು ತುಂಡಾಗುತ್ತಿದ್ದರೆ ನಿಧಾನಿಸಿ.

ಹತ್ತು ಹನ್ನೆರಡು ವರ್ಷ ದಾಟಿ, ರಸ್ತೆಯ ಎಡಬದಿಯಲ್ಲಿ ಓಲಾಡದೆ ನೇರವಾಗಿ ಓಡಿಸಬಲ್ಲ ಮಕ್ಕಳು ಮಾತ್ರ ತಮ್ಮದೇ ಸೈಕಲ್ಲಿನಲ್ಲಿ ಬರಲಿ. ಚಿಕ್ಕ ಮಕ್ಕಳು ಮತ್ತು ಅಜ್ಜಿ ತಾತ ಬಸ್ಸಿನಲ್ಲಿ ಬಂದು ತೋಟದಲ್ಲಿ ಕೂಡಿಕೊಳ್ಳಬಹುದು. ಅಜ್ಜಿಯ ಜೊತೆ ರಾತ್ರಿಯ ಊಟದ ಡಬ್ಬಿಯೂ ಬಂದರೆ ಸೈಕಲ್ಲಿನ ಹೊರೆ ಅಷ್ಟು ಕಡಿಮೆ!

ಮೊದಲು ತಾರಸಿ, ಆಮೇಲೆ ತೋಟ

ಹೊರಡುವುದಕ್ಕೆ ಒಂದು ತಿಂಗಳ ಮೊದಲೇ ಅಭ್ಯಾಸ ಆರಂಭಿಸಿ. ಮೊದಲ ಭಾನುವಾರ ಬರಿಯ ಸೈಕಲ್ಲಿನಲ್ಲಿ ಎಂಟು ಕಿಲೋಮೀಟರು. ಎರಡನೆಯ ಭಾನುವಾರ ಹದಿನೈದು. ಮೂರನೆಯ ಭಾನುವಾರ ಪೂರ್ತಿ ಹೊರೆ ಕಟ್ಟಿ ಮತ್ತೆ ಹದಿನೈದು. ಹೊರೆಯಿರುವ ಸೈಕಲ್ಲು ತಡವಾಗಿ ನಿಲ್ಲುತ್ತದೆ, ತಿರುವಿನಲ್ಲಿ ವಾಲುತ್ತದೆ. ಇದು ಹೆದ್ದಾರಿಯ ಬದಿಯಲ್ಲಿ ತಿಳಿಯುವುದಕ್ಕಿಂತ ಬಡಾವಣೆಯ ಖಾಲಿ ರಸ್ತೆಯಲ್ಲಿ ತಿಳಿಯುವುದು ಲೇಸು. ನಾಲ್ಕನೆಯ ವಾರ ಶನಿವಾರ ರಾತ್ರಿ ಮನೆಯ ತಾರಸಿಯಲ್ಲೋ ಹಿತ್ತಲಿನಲ್ಲೋ ಡೇರೆ ಹಾಕಿ ಮಲಗಿ. ಯಾರಿಗೆ ಚಳಿಯಾಯಿತು, ಟಾರ್ಚು ಎಲ್ಲಿಟ್ಟಿರಿ, ಡೇರೆಯ ಯಾವ ಕೋಲು ಎಲ್ಲಿಗೆ ಸೇರುತ್ತದೆ ಎಂಬುದೆಲ್ಲ ಅಲ್ಲೇ ಗೊತ್ತಾಗುತ್ತದೆ. ಹೊದಿಕೆ ಸಾಲದಿದ್ದರೆ ಮೆಟ್ಟಿಲಿಳಿದು ತಂದರಾಯಿತು.

ನಲವತ್ತು ದಾಟಿದವರು, ಅದರಲ್ಲೂ ರಕ್ತದೊತ್ತಡ, ಮಧುಮೇಹ, ಹೃದಯದ ತೊಂದರೆ ಇರುವವರು ಈ ಅಭ್ಯಾಸಕ್ಕೆ ಮುಂಚೆಯೇ ನಿಮ್ಮ ವೈದ್ಯರನ್ನು ಕಾಣಬೇಕು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ದೀರ್ಘ ವ್ಯಾಯಾಮದಿಂದ ರಕ್ತದ ಸಕ್ಕರೆ ತೀರಾ ಇಳಿಯಬಹುದು. ನಡುಕ, ತಣ್ಣನೆಯ ಬೆವರು, ವಿಪರೀತ ಹಸಿವು, ಮಂಕು ಇದರ ಲಕ್ಷಣಗಳು. ಅಂಥವರ ಅಂಗಿಯ ಜೇಬಿನಲ್ಲೇ ಗ್ಲೂಕೋಸ್ ಅಥವಾ ಸಕ್ಕರೆ ಇರಬೇಕು. ಚೀಲದ ತಳದಲ್ಲಿದ್ದರೆ ಪ್ರಯೋಜನವಿಲ್ಲ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ನುಂಗುವವರು ಬಿಸಿಲಿನಲ್ಲಿ ಬೇಗ ಬಸವಳಿಯುತ್ತಾರೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ವೈದ್ಯರನ್ನು ಕೇಳಿ.

ದಾರಿ ಹುಡುಕುವ ಬಗೆ

ನಕ್ಷೆಯ ಮೇಲೆ ನಿಮ್ಮ ಮನೆಯನ್ನು ಕೇಂದ್ರವಾಗಿಟ್ಟು ಕೈವಾರದಿಂದ ಇಪ್ಪತ್ತು ಕಿಲೋಮೀಟರಿನ ವೃತ್ತ ಎಳೆಯಿರಿ. ರಸ್ತೆಗಳು ಬಳಸಿಕೊಂಡು ಹೋಗುವುದರಿಂದ ನಿಜವಾದ ದೂರ ಇಪ್ಪತ್ತೈದರ ಆಸುಪಾಸಿಗೆ ಬರುತ್ತದೆ. ಈ ವೃತ್ತದೊಳಗೆ ನೆರಳು, ನೀರು, ಶೌಚಾಲಯ ಮತ್ತು ಹತ್ತಿರದಲ್ಲೊಂದು ಆಸ್ಪತ್ರೆ ಇರುವ ಜಾಗ ಯಾವುದು ಎಂದು ನೋಡಿ.

ಉದಾಹರಣೆಗೆ ಮೈಸೂರಿನ ಕುಟುಂಬವೊಂದನ್ನು ತೆಗೆದುಕೊಳ್ಳಿ. ಶ್ರೀರಂಗಪಟ್ಟಣ ಸುಮಾರು ಹದಿನೈದು ಕಿಲೋಮೀಟರು. ಅಲ್ಲಿಂದ ಪಾಂಡವಪುರದ ಕಡೆಗೆ ಇನ್ನೊಂದು ಎಂಟು ಹತ್ತು ಕಿಲೋಮೀಟರು ಸಮತಟ್ಟಾದ, ಗದ್ದೆ ತೋಟಗಳ ನಡುವಿನ ದಾರಿ. ದಾರಿಯಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ ಅರಮನೆಯ ತೋಟದಲ್ಲಿ ದಣಿವಾರಿಸಿಕೊಳ್ಳಬಹುದು. ಎರಡೂ ತಾಲ್ಲೂಕು ಕೇಂದ್ರಗಳಾದ್ದರಿಂದ ಸರ್ಕಾರಿ ಆಸ್ಪತ್ರೆಗಳಿವೆ. ಬಸ್ಸು, ರೈಲು ಎರಡೂ ಉಂಟು. ಯಾರಿಗಾದರೂ ಮುಂದುವರಿಯಲು ಆಗದಿದ್ದರೆ ಮನೆಗೆ ಕಳುಹಿಸುವುದು ಕಷ್ಟವಲ್ಲ. ಹತ್ತಿರದ ಪ್ರವಾಸದ ದೊಡ್ಡ ಅನುಕೂಲವೇ ಇದು.

ಆದರೆ ಇದೇ ದಾರಿಯಲ್ಲಿ ಎಚ್ಚರಿಕೆಗಳೂ ಇವೆ. ಬೆಂಗಳೂರು - ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ, ತ್ರಿಚಕ್ರ ವಾಹನಗಳ ಜೊತೆಗೆ ಸೈಕಲ್ಲಿನಂತಹ ಯಂತ್ರರಹಿತ ವಾಹನಗಳಿಗೂ ಪ್ರವೇಶ ನಿಷೇಧಿಸಲಾಯಿತು. ಸರ್ವಿಸ್ ರಸ್ತೆ ಇಲ್ಲವೇ ಹಳ್ಳಿಗಳೊಳಗಿನ ರಸ್ತೆಯನ್ನೇ ಆರಿಸಿಕೊಳ್ಳಿ. ನಾಲೆಯ ಏರಿಯ ಮೇಲಿನ ದಾರಿಗಳು ನೋಡಲು ಸುಂದರ. ಆದರೆ ಅನೇಕ ಕಡೆ ತಡೆಗೋಡೆ ಇರುವುದಿಲ್ಲ. 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಪ್ರಾಣ ಕಳೆದುಕೊಂಡರು. ನಾಲೆಯ ಅಂಚಿನಲ್ಲಿ ಎದುರು ವಾಹನ ಬಂದರೆ ಇಳಿದು ನಿಲ್ಲಿ. ಕತ್ತಲಾದ ಮೇಲೆ ಆ ದಾರಿ ಬೇಡವೇ ಬೇಡ.

ಕಾವೇರಿಯನ್ನು ಕಂಡರೆ ಮಕ್ಕಳಿಗೆ ಇಳಿಯುವ ಆಸೆ ಸಹಜ. ಆದರೆ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹೊಳೆ ಇದ್ದಕ್ಕಿದ್ದಂತೆ ಏರುತ್ತದೆ. ಬಂಡೆಗಳ ನಡುವೆ ಸುಳಿಗಳಿರುತ್ತವೆ. 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಮೊಸಳೆಗಳೂ ಇವೆ. ನದಿಯನ್ನು ದಡದಿಂದ ನೋಡಿ ಸಂತೋಷಪಡಿ, ಸ್ನಾನ ತೋಟದ ಪಂಪುಸೆಟ್ಟಿನಲ್ಲಿ ಆಗಲಿ.

ನಿಮ್ಮ ಊರು ಯಾವುದೇ ಇರಲಿ, ಇದೇ ಪ್ರಶ್ನೆಗಳನ್ನು ಕೇಳಿಕೊಳ್ಳಿ: ದೊಡ್ಡ ವಾಹನಗಳಿಲ್ಲದ ರಸ್ತೆ ಇದೆಯೇ? ನೀರಿನ ಅಪಾಯವೇನು? ಆಸ್ಪತ್ರೆ ಎಲ್ಲಿದೆ? ವಾಪಸು ಕರೆತರುವ ಬಸ್ಸು ಉಂಟೇ? ಸಾಧ್ಯವಾದರೆ ಹಿಂದಿನ ವಾರ ಒಬ್ಬರು ಆ ದಾರಿಯಲ್ಲಿ ಹೋಗಿ ನೋಡಿಬರಲಿ.

ಕಾಲವೂ ಮುಖ್ಯ. ನಮ್ಮ ರಾಜ್ಯದ ಬಹುಭಾಗಕ್ಕೆ ನವೆಂಬರಿನ ಕೊನೆಯಿಂದ ಫೆಬ್ರವರಿವರೆಗೆ ಸರಿಯಾದ ಸಮಯ. ಡಿಸೆಂಬರಿನಲ್ಲಿ ಸಂಜೆ ಆರರ ಸುಮಾರಿಗೆ ಕತ್ತಲಾಗುತ್ತದೆ ಎಂಬುದು ನೆನಪಿರಲಿ. ಏಪ್ರಿಲ್, ಮೇ ತಿಂಗಳ ಬೇಸಿಗೆ ರಜೆಯಲ್ಲಿ ಬಿಸಿಲಿನ ಝಳದ ಜೊತೆ ಗುಡುಗು ಸಿಡಿಲಿನ ಮಳೆಯೂ ಇರುವುದರಿಂದ ಆಗ ಈ ಸಾಹಸ ಬೇಡ.

ಡೇರೆ ಎಲ್ಲಿ?

ಜಮೀನಿನ ಯಜಮಾನರ ಒಪ್ಪಿಗೆಯಿಲ್ಲದೆ ಎಲ್ಲೂ ಡೇರೆ ಹಾಕಬೇಡಿ. ಅರಣ್ಯ, ಅಭಯಾರಣ್ಯ, ಹೊಳೆಯ ಮರಳುದಿಬ್ಬ - ಇವು ಶಿಬಿರದ ಜಾಗಗಳಲ್ಲ. ಮನೆಯ ಕೂಗಳತೆಯಲ್ಲಿರುವ ಗಟ್ಟಿ ನೆಲವೇ ಕ್ಷೇಮ. ತೆಂಗಿನ ಮರದ ಕೆಳಗೆ ನೆರಳಿದೆಯೆಂದು ಮಲಗಬೇಡಿ. ಕಾಯಿ, ಗರಿ ಯಾವಾಗ ಬೀಳುತ್ತದೆಂದು ಹೇಳಲಾಗದು. ಹೆಜ್ಜೇನು ಕಟ್ಟಿದ ಮರದಿಂದ ದೂರವಿರಿ, ಅದರ ಬಳಿ ಹೊಗೆ ಹಾಕಬೇಡಿ. ಮೈಸೂರು, ಮಂಡ್ಯ ಜಿಲ್ಲೆಗಳ ಕಬ್ಬಿನ ಗದ್ದೆಗಳಲ್ಲಿ ಚಿರತೆಗಳು ಅಡಗಿರುವುದುಂಟು. ಕಬ್ಬಿನ ಅಂಚಿನಲ್ಲಿ ಡೇರೆ ಬೇಡ, ರಾತ್ರಿ ಮಕ್ಕಳು ಒಂಟಿಯಾಗಿ ಹೊರಗೆ ಹೋಗುವುದೂ ಬೇಡ.

ತಳ ಸೇರಿಸಿ ಹೊಲಿದ, ಜಿಪ್ ಪೂರ್ತಿ ಮುಚ್ಚುವ ಡೇರೆಯನ್ನೇ ಆರಿಸಿ. ಇದು ಸೊಳ್ಳೆಗಾಗಿ ಮಾತ್ರವಲ್ಲ. ಕಟ್ಟುಹಾವು ರಾತ್ರಿ ಸಂಚರಿಸುವ ಹಾವು. ನೆಲದ ಮೇಲೆ ಮಲಗಿ ನಿದ್ರಿಸುತ್ತಿರುವವರನ್ನು ಕಚ್ಚುತ್ತದೆ, ಕಚ್ಚಿದ ಜಾಗದಲ್ಲಿ ನೋವು ಊತ ಹೆಚ್ಚಾಗಿ ಇರುವುದಿಲ್ಲ. ಆದ್ದರಿಂದ ಜಿಪ್ ಸದಾ ಮುಚ್ಚಿರಲಿ. ಊಟದ ಚೂರುಗಳು ಇಲಿಯನ್ನು ಕರೆಯುತ್ತವೆ, ಇಲಿ ಹಾವನ್ನು ಕರೆಯುತ್ತದೆ, ಡೇರೆಯೊಳಗೆ ತಿನ್ನಬೇಡಿ. ಬೆಳಿಗ್ಗೆ ಚಪ್ಪಲಿ, ಷೂ ಕೊಡವಿ ಹಾಕಿಕೊಳ್ಳಿ. ರಾತ್ರಿ ಎದ್ದರೆ ಟಾರ್ಚು, ಚಪ್ಪಲಿ ಎರಡೂ ಕಡ್ಡಾಯ.

ಮುಚ್ಚಿದ ಡೇರೆಯೊಳಗೆ ಒಲೆ, ಕೆಂಡ, ಸೊಳ್ಳೆಬತ್ತಿ ಹಚ್ಚುವುದು ಅತ್ಯಂತ ಅಪಾಯಕರ. ಬಟ್ಟೆಗೆ ಬೆಂಕಿ ತಗಲುವ ಭಯ ಒಂದು ಕಡೆ. ಇನ್ನೊಂದು ಕಡೆ ಒಲೆ, ಕೆಂಡಗಳಿಂದ ಹೊರಡುವ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ನಿದ್ರೆಯಲ್ಲೇ ಪ್ರಾಣ ತೆಗೆಯಬಲ್ಲದು.

ಮಲೆನಾಡಿನವರಿಗೆ ಒಂದು ಮಾತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಬಳಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣ್ಣೆಗಳಿಂದ ಹರಡುತ್ತದೆ, ಹೆಚ್ಚಾಗಿ ಕಾಣಿಸುವುದು ಡಿಸೆಂಬರಿನಿಂದ ಮೇವರೆಗೆ. ಆ ಭಾಗದಲ್ಲಿ ಕಾಡಂಚಿನ ಒಣ ತರಗೆಲೆಯ ಮೇಲೆ ಕೂರುವುದು, ಮಲಗುವುದು ಬೇಡ. ಸತ್ತ ಮಂಗ ಕಂಡರೆ ದೂರ ಸರಿದು ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಸೈಕಲ್ಲಿಗೂ ತಪಾಸಣೆ

ಹೊರಡುವ ವಾರ ಸೈಕಲ್ಲನ್ನು ರಿಪೇರಿ ಅಂಗಡಿಗೆ ಒಯ್ದು ಬ್ರೇಕು, ಚೈನು, ಟೈರು, ಚಕ್ರದ ಕಡ್ಡಿಗಳನ್ನು ಪರೀಕ್ಷಿಸಿ. ಸೀಟಿನ ಎತ್ತರವನ್ನು ನೀವೇ ನೋಡಿಕೊಳ್ಳಬಹುದು: ಸೀಟಿನ ಮೇಲೆ ಕುಳಿತು, ಪೆಡಲು ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೇರವಾಗಬೇಕು. ಮುಂಗಾಲಿನಿಂದ ತುಳಿಯುವಾಗ ಮಂಡಿ ಸ್ವಲ್ಪವೇ ಬಾಗಿರುತ್ತದೆ. ಸೀಟು ತಗ್ಗಾಗಿದ್ದರೆ ಮಂಡಿಯ ಮುಂಭಾಗದಲ್ಲಿ ನೋವು ಬರುತ್ತದೆ; ಇದನ್ನು ಅನೇಕರು ವಯಸ್ಸಿನ ನೋವೆಂದು ತಿಳಿಯುತ್ತಾರೆ!

ಹೆಲ್ಮೆಟ್ ಎಲ್ಲರಿಗೂ ಬೇಕು. ಅದು ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಅಂತರದಲ್ಲಿ ಮಟ್ಟಸವಾಗಿ ಕೂರಬೇಕು, ಗಲ್ಲದ ಪಟ್ಟಿ ಬಿಗಿಯಾಗಿರಬೇಕು. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ, ಗಾಢ ಬಣ್ಣದ ಅಂಗಿ. ದುಪಟ್ಟ, ಸೆರಗು, ಪ್ಯಾಂಟಿನ ಅಂಚು ಚೈನಿಗೆ ಸಿಕ್ಕದಂತೆ ಪಿನ್ನು ಹಾಕಿಕೊಳ್ಳಿ.

ಹೊರೆ ಎಷ್ಟು?

ವಯಸ್ಕರೊಬ್ಬರಿಗೆ ನೀರೂ ಸೇರಿ ಹತ್ತು ಕಿಲೋ, ಮಕ್ಕಳಿಗೆ ಎರಡು ಕಿಲೋ ಮೀರದಿರಲಿ. ಎಲ್ಲವನ್ನೂ ನೆಲದ ಮೇಲೆ ಹರಡಿ, ತೂಗಿ ನೋಡಿ. ಒಂದು ಲೀಟರು ನೀರೆಂದರೆ ಒಂದು ಕಿಲೋ ತೂಕ. ಮೂವರು ಮಲಗುವ ಹಗುರ ಡೇರೆ ಮೂರು ಕಿಲೋ ತೂಗಬಹುದು. ಒದ್ದೆಯಾದ ಜಮಖಾನ ಎಷ್ಟು ತೂಗುತ್ತದೆಂದು ಒಗೆದವರಿಗೆ ಗೊತ್ತು. ಅದರ ಬದಲು ಹಗುರವಾದ ಫೋಮ್ ಚಾಪೆ ಸಾಕು. ಚಳಿಗಾಲದ ಮೈಸೂರಿನ ರಾತ್ರಿಗೆ ಒಂದು ಉಣ್ಣೆಯ ಶಾಲು, ಒಂದು ಹೊದಿಕೆ, ತಲೆಗೆ ಟೋಪಿ ಇದ್ದರಾಯಿತು.

ಭಾರವಾದದ್ದು ಕೆಳಗೆ, ಹಗುರವಾದದ್ದು ಮೇಲೆ. ಕ್ಯಾರಿಯರಿನ ಎರಡೂ ಬದಿ ಸಮತೂಕದ ಚೀಲಗಳು. ದುಬಾರಿ ಚೀಲ ಬೇಕಿಲ್ಲ. ಗಟ್ಟಿಯಾದ ಎರಡು ಹಳೆಯ ಶಾಲಾ ಚೀಲಗಳನ್ನು ಜೋಡಿಸಿ, ಹಳೆಯ ಟ್ಯೂಬಿನ ಪಟ್ಟಿಗಳಿಂದ ಬಿಗಿಯಬಹುದು. ನೇತಾಡುವ ತುದಿ ಚಕ್ರಕ್ಕೆ ಸಿಕ್ಕದಂತೆ ನೋಡಿಕೊಳ್ಳಿ. ಹ್ಯಾಂಡಲಿಗೆ ಚೀಲ ತೂಗುಹಾಕಿದರೆ ತಿರುವಿನಲ್ಲಿ ಹತೋಟಿ ತಪ್ಪುತ್ತದೆ. ಬೆನ್ನಿಗೆ ಭಾರದ ಚೀಲ ಹಾಕಿಕೊಂಡರೆ ಭುಜ, ಸೊಂಟ ಎರಡೂ ನೋಯುತ್ತವೆ, ಬೆನ್ನು ಬೆವೆತು ಒದ್ದೆಯಾಗುತ್ತದೆ.

ಗಂಟಿನಲ್ಲಿ ಇರಲೇಬೇಕಾದವು:

ಮಲಗಲು - ಡೇರೆ, ಕೆಳಗೆ ಹಾಸಲು ಪ್ಲಾಸ್ಟಿಕ್ ಹಾಳೆ, ಚಾಪೆ, ಹೊದಿಕೆ, ಟಾರ್ಚು.

ಉಡಲು - ಒಂದು ಜೊತೆ ಬಟ್ಟೆ, ಎರಡು ಜೊತೆ ಒಳ ಉಡುಪು ಮತ್ತು ಕಾಲುಚೀಲ, ಪೂರ್ಣ ತೋಳಿನ ಅಂಗಿ, ಟವೆಲು. ಬೆವರಿನ ಒಳ ಉಡುಪನ್ನು ತಂಗುದಾಣ ಮುಟ್ಟಿದೊಡನೆ ಬದಲಿಸಿದರೆ ತೊಡೆಸಂದಿನ ಉರಿ, ಹುಣ್ಣು ಬಾರದು. ಹೆಣ್ಣುಮಕ್ಕಳು ದಿನ ಹತ್ತಿರವಿಲ್ಲದಿದ್ದರೂ ಪ್ಯಾಡುಗಳನ್ನು ಇಟ್ಟುಕೊಂಡಿರಲಿ.

ಸೈಕಲ್ಲಿಗೆ - ಪಂಪು, ಒಂದು ಹೊಸ ಟ್ಯೂಬು, ಪಂಕ್ಚರ್ ತೇಪೆ ಮತ್ತು ಅಂಟು, ಟೈರು ಬಿಚ್ಚುವ ಸನಿಕೆ, ಸ್ಪಾನರು. ಮನೆಯಲ್ಲೇ ಒಮ್ಮೆ ಟ್ಯೂಬು ಬಿಚ್ಚಿ ಹಾಕಿ ಕಲಿತಿರಬೇಕು.

ಔಷಧಿಗೆ - ಬ್ಯಾಂಡೇಜು, ಗಾಜ್ ಬಟ್ಟೆ, ನಂಜುನಿರೋಧಕ ದ್ರಾವಣ, ಪ್ಯಾರಸಿಟಮಾಲ್, ಓಆರ್‌ಎಸ್ ಪೊಟ್ಟಣಗಳು, ಸೊಳ್ಳೆ ತಡೆಯುವ ಮುಲಾಮು, ಸಾಬೂನು, ನೀವು ನಿತ್ಯ ಸೇವಿಸುವ ಔಷಧಿ ಎರಡು ದಿನಕ್ಕೆ ಹೆಚ್ಚಾಗಿ. ಉಬ್ಬಸದವರ ಇನ್‌ಹೇಲರ್ ಜೇಬಿನಲ್ಲಿರಲಿ. ಇನ್ಸುಲಿನ್ನನ್ನು ಬಿಸಿಲು ತಾಗುವ ಹೊರಗಿನ ಚೀಲದಲ್ಲಿ ಇಡಬೇಡಿ. ಧನುರ್ವಾಯು ಚುಚ್ಚುಮದ್ದು ಕೊನೆಯ ಬಾರಿ ಯಾವಾಗ ಆಯಿತೆಂದು ಮೊದಲೇ ನೋಡಿಕೊಳ್ಳಿ.

ಇತರೆ - ಸ್ವಲ್ಪ ನಗದು, ಚಾರ್ಜು ತುಂಬಿದ ಮೊಬೈಲು, ಮತ್ತು ಕಾಗದದ ಮೇಲೆ ಬರೆದ ಮುಖ್ಯ ದೂರವಾಣಿ ಸಂಖ್ಯೆಗಳು.

ಬಿಟ್ಟು ಬನ್ನಿ - ಎರಡನೆಯ ಜೊತೆ ಷೂ, ದೊಡ್ಡ ಪಾತ್ರೆಗಳು, ಗಾಜಿನ ಬಾಟಲಿ, ಹಾಡಿನ ಪೆಟ್ಟಿಗೆ, ಮತ್ತು ‘ಎಲ್ಲಾದರೂ ಬೇಕಾದೀತು’ ಎಂದು ತೆಗೆದಿಟ್ಟ ಎಲ್ಲವೂ.

ನೀರು ಮತ್ತು ಬುತ್ತಿ

ಬಾಯಾರುವ ತನಕ ಕಾಯಬೇಡಿ. ತುಳಿಯುವಾಗ ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರು ನೀರನ್ನು ಗುಟುಕು ಗುಟುಕಾಗಿ ಕುಡಿಯಿರಿ. ಮೂತ್ರ ತಿಳಿಹಳದಿಯಾಗಿದ್ದರೆ ನೀರು ಸಾಕಾಗುತ್ತಿದೆ. ಗಾಢ ಹಳದಿಯಾದರೆ ಸಾಲದು. ಗೊತ್ತಿಲ್ಲದ ನೀರನ್ನು ಚೆನ್ನಾಗಿ ಮರಳುವಂತೆ ಒಂದು ನಿಮಿಷವಾದರೂ ಕುದಿಸಿ. ದಾರಿಯಲ್ಲಿ ಎಳನೀರು ಉತ್ತಮ, ಕಣ್ಣೆದುರು ಕೊಚ್ಚಿದ್ದು. ನೊಣ ಮುತ್ತಿದ ಐಸು ಹಾಕಿದ ಕಬ್ಬಿನ ಹಾಲು ಬೇಡ.

ಓಆರ್‌ಎಸ್ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಮುದ್ರಿತವಾಗಿರುವುದನ್ನು ನೋಡಿ ಕೊಳ್ಳಿ, ಅದರಲ್ಲಿ ಹೇಳಿದಷ್ಟೇ ನೀರಿನಲ್ಲಿ ಕರಗಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರು ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಅಳೆದೇ ಹಾಕಿ.

ಬುತ್ತಿಗೆ ನಮ್ಮ ಅಡುಗೆಮನೆಯಲ್ಲೇ ಎಲ್ಲವೂ ಇದೆ. ರಾಗಿ ಹುರಿಹಿಟ್ಟು ಮತ್ತು ಬೆಲ್ಲ, ಹುರಿದ ಕಡಲೆಕಾಯಿ, ಹುರಿಗಡಲೆ, ಬಾಳೆಹಣ್ಣು, ಚಪಾತಿ ಮತ್ತು ಚಟ್ನಿಪುಡಿ. ಅವಲಕ್ಕಿಯನ್ನು ನೆನೆಸಿ ಪುಳಿಯೋಗರೆ ಗೊಜ್ಜು ಕಲಸಿದರೆ ಒಲೆಯಿಲ್ಲದೆಯೇ ಊಟ ಸಿದ್ಧ. ಮೊಸರನ್ನ, ಕಾಯಿ ಚಟ್ನಿಗಳು ಬಿಸಿಲಿನಲ್ಲಿ ಬೇಗ ಕೆಡುವುದರಿಂದ ಬೇಡ. ಮುಕ್ಕಾಲು ಗಂಟೆಗೊಮ್ಮೆ ಒಂದು ಹಿಡಿ ತಿನ್ನುತ್ತಾ ಹೋದರೆ ಕಾಲಿನ ಶಕ್ತಿ ಕುಂದದು. ಊಟಕ್ಕೆ ಮುಂಚೆ, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದನ್ನು ಶಿಬಿರದಲ್ಲಿ ಮರೆಯುವವರೇ ಹೆಚ್ಚು.

ಹಿಂದಿರುಗುವ ಧೈರ್ಯ

ಈ ಪ್ರವಾಸದಲ್ಲಿ ಅತ್ಯಂತ ಅಪಾಯಕರ ವಸ್ತು ಹಾವೂ ಅಲ್ಲ, ಚಿರತೆಯೂ ಅಲ್ಲ; ‘ಇನ್ನೇನು ಬಂತು, ಐದೇ ಕಿಲೋಮೀಟರು’ ಎಂಬ ಮಾತು. ಮಕ್ಕಳೆದುರು ಸೋಲೊಪ್ಪಲಾರದ ತಂದೆ, ಎಲ್ಲರಿಗೂ ತೊಂದರೆಯಾಗುತ್ತದೆಂದು ಬಾಯಿಬಿಡದ ತಾಯಿ - ಇವರ ಬಗ್ಗೆಯೇ ಹೆಚ್ಚು ಗಮನವಿರಲಿ. ಹೊರಡುವ ಮುಂಚೆಯೇ ಎಲ್ಲರೂ ಕೂತು ಒಪ್ಪಂದ ಮಾಡಿಕೊಳ್ಳಿ: ಯಾರೇ ‘ಸಾಕು’ ಎಂದರೂ ಎಲ್ಲರೂ ನಿಲ್ಲಬೇಕು, ಕಾರಣ ಕೇಳಬಾರದು. ಹತ್ತು ಗಂಟೆಯೊಳಗೆ ಅರ್ಧ ದಾರಿ ದಾಟದಿದ್ದರೆ ಹಿಂದಿರುಗಬೇಕು.

ತಲೆನೋವು, ತಲೆಸುತ್ತು, ಕಾಲಿನ ಸೆಳೆತ, ವಾಕರಿಕೆ - ಇವು ಬಿಸಿಲಿನ ಬಳಲಿಕೆಯ ಲಕ್ಷಣಗಳು. ನೆರಳಿಗೆ ಕರೆದೊಯ್ದು, ಬಟ್ಟೆ ಸಡಿಲಿಸಿ, ಓಆರ್‌ಎಸ್ ಕುಡಿಸಿ. ಅಂದು ಅವರ ಸವಾರಿ ಮುಗಿಯಿತು. ಮಾತು ತೊದಲಿದರೆ, ಅಸಂಬದ್ಧವಾಗಿ ನಡೆದುಕೊಂಡರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಆಘಾತ. ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿರಬಹುದು. ಕೂಡಲೇ ಮೈಮೇಲೆ ನೀರು ಸುರಿಯುತ್ತಾ ಗಾಳಿ ಬೀಸಿ; ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಬಟ್ಟೆ ಇಡಿ. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವ ತನಕ ತಣಿಸುವುದನ್ನು ನಿಲ್ಲಿಸಬೇಡಿ.

ಎದೆಯಲ್ಲಿ ಬಿಗಿತ, ಎಡತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಬಂದರೆ ‘ಗ್ಯಾಸು’ ಎಂದು ಸೋಡಾ ಹುಡುಕಬೇಡಿ. ಕೂರಿಸಿ, ಆಂಬುಲೆನ್ಸ್ ಕರೆಸಿ. ಬಿದ್ದು ತಲೆಗೆ ಪೆಟ್ಟಾದವರಿಗೆ ವಾಂತಿ, ಮಂಪರು, ಗೊಂದಲ ಕಂಡರೆ ಆಸ್ಪತ್ರೆಗೆ ಒಯ್ಯಿರಿ. ಪೆಟ್ಟು ಬಿದ್ದ ಹೆಲ್ಮೆಟ್ಟನ್ನು ಮತ್ತೆ ಬಳಸಬೇಡಿ.

ನಾಯಿ ಕಚ್ಚಿದರೆ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅಂದೇ ಲಸಿಕೆಗೆ ಹೋಗಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು, ನಾಟಿ ಮದ್ದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡದಂತಿರಿಸಿ, ಧೈರ್ಯ ಹೇಳಿ, ವಿಷನಿರೋಧಕ ಔಷಧಿಯಿರುವ ಆಸ್ಪತ್ರೆಗೆ ಬೇಗ ತಲುಪಿಸಿ. ಆ ಔಷಧಿ ಎಲ್ಲಿ ಸಿಗುತ್ತದೆಂದು ಹೊರಡುವ ಮುಂಚೆಯೇ ವಿಚಾರಿಸಿಕೊಂಡಿರಬೇಕು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತೆಂದರೆ ಸಮಸ್ಯೆಯ ಗಂಭೀರತೆಯನ್ನು ನೀವೇ ಊಹಿಸಬಹುದು.

ಇಷ್ಟೆಲ್ಲ ಓದಿ ಹೆದರಬೇಡಿ. ಇವು ಬಹುತೇಕ ನಮ್ಮ ನಿತ್ಯದ ಜೀವನದಲ್ಲೂ ಇರುವ ಅಪಾಯಗಳೇ. ಮೊದಲೇ ಯೋಚಿಸಿಟ್ಟವರಿಗೆ ಆ ಹೊತ್ತಿನಲ್ಲಿ ಕೈಕಾಲು ಆಡುತ್ತವೆ, ಅಷ್ಟೇ.

ಮನೆಗೆ ಬಂದ ಮೇಲೆ

ಹಿಂದಿರುಗಿದ ದಿನ ಡೇರೆಯನ್ನು ಹಾಗೆಯೇ ಮಡಿಸಿಡದೆ ಬಿಸಿಲಿಗೆ ಒಣಗಿಸಿ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ತೊಡೆ, ಮೀನಖಂಡಗಳ ನೋವು ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಬಿಸಿನೀರಿನ ಸ್ನಾನ, ಲಘು ನಡಿಗೆ ಸಾಕು. ಮುಂದಿನ ಎರಡು ವಾರಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಎಲ್ಲಿ ಮಲಗಿದ್ದಿರಿ ಎಂಬುದನ್ನು ಮರೆಯದೆ ಹೇಳಿ.

ಆಮೇಲೆ ಚೀಲವನ್ನು ನೆಲದ ಮೇಲೆ ಸುರಿದು, ಬಳಸಿದ್ದು ಒಂದು ಕಡೆ, ಬಳಸದೇ ಇದ್ದದ್ದು ಇನ್ನೊಂದು ಕಡೆ ಇಡಿ. ಔಷಧಿ ಮತ್ತು ಪಂಕ್ಚರ್ ಸಾಮಾನು ಬಳಸದಿದ್ದರೂ ಅವು ಮುಂದಿನ ಸಲವೂ ಬರಲಿ. ಬಳಸದ ಉಳಿದದ್ದನ್ನೆಲ್ಲ ಮಕ್ಕಳ ಕೈಯಿಂದಲೇ ಒಂದು ಹಾಳೆಯಲ್ಲಿ ಬರೆಸಿ, ಬೀರುವಿನ ಬಾಗಿಲ ಒಳಗೆ ಅಂಟಿಸಿ. ಮುಂದಿನ ಸಲ ಗಂಟು ಕಟ್ಟುವಾಗ ಆ ಪಟ್ಟಿಯೇ ನಿಮ್ಮ ಎರಡು ಕಿಲೋ ಇಳಿಸುತ್ತದೆ.